ತಿನ್ನೋ ಅಕ್ಕಿ, ಆರೋ ಅಕ್ಕಿ

ನಮ್ಮ ಕಡೆ ಹಕ್ಕಿ ಹಾರುವುದಿಲ್ಲ, ಅಕ್ಕಿ ಆರುತ್ತದೆ. ಹೊರಗಿನವರು ಕೇಳಿದರೆ ಯಾರೋ ಅನ್ನ ಬಸಿದು ತಣ್ಣಗಾಗಲು ಬಿಟ್ಟಿದ್ದಾರೆ ಅಂದುಕೊಳ್ಳಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ಊರುಗಳ ಯಾವ ಬಸ್ಸು ಹತ್ತಿದರೂ ಹ ಅನ್ನುವ ಅಕ್ಷರಕ್ಕೆ ಸೀಟು ಸಿಗುವುದಿಲ್ಲ. ಹಾಲು ಆಲಾಗುತ್ತದೆ, ಹೊಲ ಒಲವಾಗುತ್ತದೆ, ಕಂಡಕ್ಟರ್ ಬಾಯಲ್ಲಿ ಹುಣಸೂರೇ ಉಣ್ಸೂರಾಗುತ್ತದೆ. ಇದರಿಂದ ಯಾರಿಗೂ ತೊಂದರೆ ಆದದ್ದು ನನಗೆ ಗೊತ್ತಿಲ್ಲ. ತೊಂದರೆ ಕೊಟ್ಟದ್ದು ಅಕ್ಕಿ ಒಂದೇ.

ಅದಕ್ಕೂ ನಮ್ಮ ಮನೆಯಲ್ಲಿ ಒಂದು ಉಪಾಯ ಇತ್ತು. ಮಾತಿನ ನಡುವೆ ಅಕ್ಕಿ ಬಂದು ಅನುಮಾನ ಹುಟ್ಟಿದರೆ ಯಾರಾದರೂ ಕೇಳಿಬಿಡುತ್ತಿದ್ದರು: "ತಿನ್ನೋ ಅಕ್ಕಿಯೋ, ಆರೋ ಅಕ್ಕಿಯೋ?" ಚಿಕ್ಕವ್ವನ ಗಂಡ, ನಮ್ಮ ಚಿಕ್ಕಪ್ಪ, ಮಾತ್ರ ಪ್ರತಿ ಸಲವೂ, "ಕೋಳಿ ಆದ್ರೆ ಎಲ್ಡೂವೆ" ಅನ್ನುತ್ತಿದ್ದ. ಪ್ರತಿ ಸಲವೂ ತಾನೊಬ್ಬನೇ ನಗುತ್ತಿದ್ದ.

ನಾನು ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತೇನೆ. ಸೀರೆ ತಂದವರಿಗೆ ಅದಕ್ಕೆ ಹೊಂದುವ ರವಿಕೆ ಬಟ್ಟೆ, ಒಳಗಿನ ಲೈನಿಂಗು, ಫಾಲು ಹುಡುಕಿ ಕತ್ತರಿಸಿ ಕೊಡುವುದು. ಗಿಳಿಹಸಿರು ಬೇರೆ, ಬಾಳೆ ಎಲೆ ಹಸಿರು ಬೇರೆ ಎಂದು ದಿನವಿಡೀ ನೋಡಿ ನೋಡಿಯೇ ಇರಬೇಕು, ಹಕ್ಕಿಗಳ ಹುಚ್ಚು ಹಿಡಿದದ್ದು. ಯಾರೂ ಕಲಿಸಿದ್ದಲ್ಲ. ಮೊಬೈಲಿನಲ್ಲಿ ಫೋಟೊ ತೆಗೆಯುವುದು, ಹಿಗ್ಗಿಸಿ ನೋಡುವುದು, ಕೊಕ್ಕಿನ ಬಣ್ಣ, ಕಾಲಿನ ಬಣ್ಣ ಹೊಂದಿಸಿ ಹೆಸರು ಹುಡುಕುವುದು. ವಾರದ ರಜೆ ಬಂದರೆ ಯಾವುದಾದರೂ ಕೆರೆ ಏರಿಯ ಮೇಲೆ ಇರುತ್ತೇನೆ. "ಅವಳ ಕಾಲ್ಗೆ ಯಾರೋ ಚಕ್ರ ಕಟ್ಟವ್ರೆ" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ. ಸುಳ್ಳಲ್ಲ. ಕೂತ ಕಡೆ ಕಾಲು ಕುಣಿಸುತ್ತಲೇ ಇರುತ್ತೇನೆ.

ಕಲಿಸಿದವರಿಲ್ಲ ಅಂದೆ, ಅದು ಪೂರ್ತಿ ನಿಜವಲ್ಲ. ಚಿಕ್ಕವ್ವ ಇದ್ದಳು. ಅವ್ವನ ತಂಗಿ. ಕೆ.ಆರ್. ನಗರದಿಂದ ಆಚೆ, ನಾಲೆಯ ಬದಿಯ ಊರಿಗೆ ಕೊಟ್ಟದ್ದು. ನಮ್ಮ ಹುಣಸೂರು ಕಡೆಯ ಹೊಗೆಸೊಪ್ಪಿನ ಹೊಲದಲ್ಲಿ ಹಕ್ಕಿಗೆ ಏನು ಸಿಗುತ್ತದೆ? ಅಲ್ಲಿ ಹಾಗಲ್ಲ. ಕಣ್ಣು ಹಾಯುವವರೆಗೂ ಭತ್ತದ ಗದ್ದೆ, ತೆನೆ ಬಲಿಯುವ ಹೊತ್ತಿಗೆ ರಾಟವಾಳದ ಹಿಂಡು. ರಜೆಗೆ ಹೋದಾಗ ಗದ್ದೆ ಬದುವಿನಲ್ಲಿ ಡಬ್ಬ ಬಡಿಯುತ್ತಾ ಹಕ್ಕಿ ಓಡಿಸುವಾಗ ಅವಳು ತೋರಿಸುತ್ತಿದ್ದಳು: "ಅಗೋ ನೋಡು, ಎದೆ ಮ್ಯಾಲೆ ಮೀನ್ ಚಿಪ್ಪು ಅಂಟಿಸ್ದಂಗದೆ. ಅದೇ ಕಳ್ಳಮುಂಡೇದು." ಅದನ್ನೇ ನಾನು ವರ್ಷಗಳ ಮೇಲೆ ಮೊಬೈಲಿನಲ್ಲಿ ಹುಡುಕಿ, ಚುಕ್ಕೆ ರಾಟವಾಳ ಎಂದು ಓದಿ, ದೊಡ್ಡ ಶೋಧ ಮಾಡಿದವಳಂತೆ ಅವಳಿಗೇ ಫೋನ್ ಮಾಡಿ ಹೇಳಿದೆ.

ಇಷ್ಟೆಲ್ಲ ಅವಳು ನೋಡುತ್ತಿದ್ದದ್ದು ಒಂದೇ ಕಣ್ಣಿನಲ್ಲಿ. ಎಡಗಣ್ಣಿಗೆ ಚಿಕ್ಕಂದಿನಲ್ಲೇ ಹೂ ಬಿದ್ದಿತ್ತು. ಹೂ ಬೀಳುವುದು ಅಂದರೆ ಕಪ್ಪು ಗುಡ್ಡೆಯ ಮೇಲೆ ಬಿಳಿ ಮಚ್ಚೆ ಕೂರುವುದು. ಆ ಕಣ್ಣಿಗೆ ಬೆಳಕು, ಕತ್ತಲೆ ಎರಡು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಬಲಗಣ್ಣು ಮಾತ್ರ ಗಿಡುಗನದು.

ಶಾಲೆಗೆ ಅವಳು ಹೋದದ್ದು ಸ್ವಲ್ಪವೇ. ಆದರೂ ನನಗೆ ಅಕ್ಷರ ತಿದ್ದಿಸಿದವಳು ಅವಳೇ. ಶ, ಷ, ಸ ಮೂರನ್ನೂ ಒಂದೇ ದನಿಯಲ್ಲಿ ದಾಟಿಸಿ, "ಸ, ಅ, ಳ" ಎಂದು ಮುಗಿಸುತ್ತಿದ್ದಳು. ಶಾಲೆಯಲ್ಲಿ ನಾನೂ ಹಾಗೇ ಹೇಳಿ ಟೀಚರಿಂದ ಬೈಸಿಕೊಂಡೆ. ಬಂದು ಅವಳ ಹತ್ತಿರ ಜಗಳಕ್ಕೆ ನಿಂತರೆ, "ನಾನು ಅ ಅಂದ್ರೆ ನೀನು ಅ ಅಂತ ತಿಳ್ಕೋಬೇಕು, ಬಾಯ್ ನೋಡ್ಬ್ಯಾಡ, ಸ್ಲೇಟ್ ನೋಡು" ಅಂದಿದ್ದಳು.

ಈಗ ದೊಡ್ಡವಳಾದ ಮೇಲೆ ನನಗೆ ಹಕ್ಕಿಯ ಜೊತೆ ಹೆಸರುಗಳ ಹುಚ್ಚೂ ಸೇರಿಕೊಂಡಿತು. ಬೆಳ್ಳಗಿನ ಹಕ್ಕಿ ಬೆಳ್ಳಕ್ಕಿ. ಅಲ್ಲಿ ಹ ಹೋಯಿತಲ್ಲ? ಅದನ್ನು ಯಾರೂ ತಪ್ಪು ಅನ್ನುವುದಿಲ್ಲ, ಪುಸ್ತಕದಲ್ಲೇ ಹಾಗೆ ಬರೆದಿದ್ದಾರೆ. ಜಕ್ಕವಕ್ಕಿಯಲ್ಲೂ ಇಲ್ಲ. ಹುಡುಕುತ್ತಾ ಹೋದರೆ ಹಳಗನ್ನಡದಲ್ಲಿ ಅದು ಪಕ್ಕಿ. ಪಾಲು ಹಾಲಾದ ಹಾಗೆ ಪಕ್ಕಿ ಹಕ್ಕಿಯಾಗಿ, ನಮ್ಮೂರು ತಲುಪುವ ಹೊತ್ತಿಗೆ ಅಕ್ಕಿ. ಇದನ್ನು ಉಸಿರು ಕಟ್ಟಿ ಚಿಕ್ಕವ್ವನಿಗೆ ವಿವರಿಸಿದಾಗ ಅವಳು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. "ಮುಂದ್ಗಡೆದು ಒಂದೊಂದೇ ಉದುರ್ಕಂಡು ಓಯ್ತಾ ಅದೆ ಅನ್ನು. ಇನ್ನುಳ್ದಿರೋದು ಅ ಒಂದೇಯ. ಅದ್ನಾದ್ರೂ ಉಸಾರಾಗಿ ಮಡಿಕಳಾನ" ಅಂದಳು.

ಸಂಕ್ರಾಂತಿಗೆ ಮುಂಚಿನ ದಿನಗಳು. ಒಕ್ಕಣೆ ಮುಗಿದಿತ್ತು. ಕೌಂಟರಿನಲ್ಲಿ ಒಬ್ಬ ಹೆಂಗಸು ಬದನೆಕಾಯಿ ಬಣ್ಣದ ಸೀರೆ ಹರವಿಕೊಂಡು, ನಾನು ತೋರಿಸಿದ ಯಾವ ತುಂಡೂ ಹೊಂದುವುದಿಲ್ಲ ಎಂದು ತಲೆಯಾಡಿಸುತ್ತಿದ್ದಾಗ ಚಿಕ್ಕವ್ವನ ಧ್ವನಿಮೆಸೇಜು ಬಂತು. ಕೆಲವು ದಿನಗಳ ಹಿಂದೆ ತಲೆಯ ಒಂದು ಪಕ್ಕ ಸಿಡಿಯುತ್ತದೆ ಅಂದಿದ್ದಳು. ಆಮೇಲೆ ಸದ್ದಿರಲಿಲ್ಲ. ಕಂಬದ ಹಿಂದೆ ಹೋಗಿ ಕಿವಿಗಿಟ್ಟುಕೊಂಡೆ.

"ಕಣ್ಗೆ ಅಕ್ಕಿ ಬಡೀತು ಕಣವ್ವ. ಉರಿ ಅಂದ್ರೆ ಉರಿ. ಪೋನ್ ನೋಡಕೂ ಆಯ್ತಿಲ್ಲ."

ನನಗೆ ಕೇಳಿಸಿದ್ದು ಹಕ್ಕಿ. ಬೇರೇನು ಕೇಳಿಸಬೇಕು? ಸೀರೆಯವರನ್ನು ಅಲ್ಲೇ ಬಿಟ್ಟು ಫೋನ್ ಮಾಡಿದೆ.

"ಯಾವ ಹಕ್ಕಿ ಚಿಕ್ಕವ್ವ?"

"ಯಾವ್ದು ಅಂದ್ರೆ? ರಾಜ್ಮುಡಿ."

ರಾಜಮುಡಿ ಭತ್ತದ ತಳಿ ಎಂದು ನಮ್ಮ ಕಡೆ ಆಡುವ ಕೂಸಿಗೂ ಗೊತ್ತು. ಆದರೆ ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ತಲೆಯ ಮೇಲೆ ಕಿರೀಟ ಹೊತ್ತ ಯಾವುದೋ ಪಕ್ಷಿ, ನಾನಿನ್ನೂ ನೋಡದೇ ಇದ್ದದ್ದು.

"ತಲೆ ಮೇಲೆ ಜುಟ್ಟು ಇತ್ತಾ?"

"ಯಾರ್ಗೆ?"

"ಅದಕ್ಕೇ, ರಾಜಮುಡಿಗೆ!"

"ಏಯ್, ನೆಟ್ಟಗಿದ್ದೀಯಾ ನೀನು? ಭತ್ತುಕ್ಕಾದ್ರೆ ಮೀಸೆ ಇರ್ತದೆ. ಅಕ್ಕಿಗೆಲ್ಲಿ ಬಂತು ಜುಟ್ಟು?"

ಆಗ ಗೊತ್ತಾಯಿತು. ಇಬ್ಬರೂ ನಕ್ಕೆವು. ಅವಳು ನಗುತ್ತಲೇ "ಅಯ್ಯಪ್ಪಾ" ಎಂದು ನರಳಿದಳು. ಹಿಂದಿನ ದಿನ ಅಕ್ಕಿ ಕೇರುವಾಗ ಒಂದು ಕಾಳು ಸಿಡಿದು ಬಲಗಣ್ಣಿಗೆ ಹೊಡೆದಂತಾಯಿತಂತೆ. ಅಂದಿನಿಂದ ಉರಿ, ನೀರು, ಬೆಳಕು ನೋಡಲು ಆಗದು.

"ತೊಳ್ಕೊಂಡ್ಯಾ?"

"ತೊಳ್ದೆ. ನಂದಿಬಟ್ಲು ಊವ ಇಟ್ಕಂಡಿವ್ನಿ. ನಿಮ್ಮ ಚಿಕ್ಕಪ್ಪ ಬ್ಯಾಟ್ರಿ ಬುಟ್ಟು ನೋಡ್ದ, ಒಳ್ಗೇ ಎಲ್ಲೋ ಸೇರ್ಕಂಡದೆ ಅಂದ. ಎದುರ್ಮನೆ ಪಾಟಿನೂ ಬಂದು ನೋಡ್ಬುಟ್ಟು ಅಕ್ಕಿನೇ ಅಂದ್ಲು."

"ಪಾಟಿಗೆ ಕಾಣಿಸ್ತಾ?"

"ಕಾಣ್ದೆ ಏನು? ನೋಡಿದ್ ತಕ್ಷಣ ಅಂದ್ಲು, ಇದು ಅಕ್ಕಿ ಅಂತ."

ಸರಿ, ಮೂವರೂ ಒಪ್ಪಿದ್ದರು. ಅವಳು ಅಕ್ಕಿ ಅಂದಳು, ಚಿಕ್ಕಪ್ಪ ಅಕ್ಕಿ ಅಂದ, ಎಲ್ಲರೂ ಪಾಟಿ ಅನ್ನುವ ಎದುರು ಮನೆಯ ತಮಿಳು ಅಜ್ಜಿಯೂ ಅಕ್ಕಿ ಅಂದರು. ನಾನೂ ಒಪ್ಪಿದೆ. ಆಸ್ಪತ್ರೆಗೆ ಹೋಗು ಅಂದೆ. "ನಾಳೀಕೆ ನೋಡಾನ ಬುಡು, ಇಷ್ಟಕ್ಕೆಲ್ಲ ಯಾಕೆ ಬಸ್ ಚಾರ್ಜು" ಅಂದಳು. ಬದನೆಕಾಯಿ ಸೀರೆಯವರು ಅಷ್ಟು ಹೊತ್ತಿಗೆ ಹೊರಟುಹೋಗಿದ್ದರು. ಅಂಗಡಿಯ ಮಾಲೀಕರು ಕನ್ನಡಕದ ಮೇಲಿಂದ ನೋಡಿ, "ಕ್ಯಾ ಹುವಾ ಬೇಟಿ, ಮನೇಲಿ ಎಲ್ಲಾ ಸರಿಯಿದ್ದಾರಾ?" ಎಂದು ಕೇಳಿದರು. ಚಿಕ್ಕಮ್ಮನ ಕಣ್ಣಿಗೆ ಅಕ್ಕಿ ಬಿದ್ದಿದೆ ಅಂದೆ. ಅವರೂ ತಲೆಯಾಡಿಸಿದರು.

ಮಾತು ಮುಗಿದರೂ ನನಗೆ ಸಮಾಧಾನ ಆಗಲಿಲ್ಲ. ಇರುವುದು ಅದೊಂದೇ ಕಣ್ಣು. ಊಟಕ್ಕೆ ಕೂತಾಗ ಮೊಬೈಲಿನಲ್ಲಿ "ಕಣ್ಣಿಗೆ ಅಕ್ಕಿ" ಎಂದು ಹೊಡೆದೆ. ಅಕ್ಕಿ ತೊಳೆದ ನೀರಿನಿಂದ ಕಣ್ಣಿನ ಕೆಳಗಿನ ಕಪ್ಪು ಹೋಗಿಸುವುದು ಹೇಗೆ ಎಂದು ಹತ್ತು ಜನ ಹೇಳಿಕೊಡಲು ಕಾದಿದ್ದರು. "ಅಕ್ಕಿ ಔಷಧಿ" ಎಂದು ಹೊಡೆದೆ. ಕೇರಳದಲ್ಲಿ ಯಾವುದೋ ಅಕ್ಕಿಯನ್ನು ಹಾಲಲ್ಲಿ ಬೇಯಿಸಿ, ಗಂಟು ಕಟ್ಟಿ ಮೈಗೆ ಒತ್ತುತ್ತಾರಂತೆ. ಭೇದಿಗೆ ಗಂಜಿಯಂತೆ. ಸಕ್ಕರೆ ಕಾಯಿಲೆಗೆ ರಾಜಮುಡಿ ಒಳ್ಳೆಯದಂತೆ. ಅಕ್ಕಿಗೆ ಪ್ರಪಂಚದಲ್ಲಿ ಇಷ್ಟೊಂದು ಕೆಲಸ ಇದೆ, ಚಿಕ್ಕವ್ವನ ಕಣ್ಣಿನಿಂದ ಹೊರಗೆ ಬರುವುದೊಂದು ಬಿಟ್ಟು. ಮುಚ್ಚಿಟ್ಟೆ. ಮತ್ತೆ ತೆಗೆದೆ.

ಮರುದಿನ ನನ್ನ ವಾರದ ರಜೆ. ಎಚ್.ಡಿ. ಕೋಟೆ ಕಡೆಯ ಹಿನ್ನೀರಿಗೆ ಪಟ್ಟೆತಲೆ ಬಾತುಗಳು ಬಂದಿವೆ ಎಂದು ಯಾರೋ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದರು. ಬೆಳ್ಳಗಿನ ತಲೆಗೆ ಎರಡು ಕಪ್ಪು ಪಟ್ಟೆ, ಹಿಮಾಲಯ ದಾಟಿಕೊಂಡು ಬರುವ ಬಾತು. ಚಳಿಗಾಲ ಶುರುವಾದಾಗಿನಿಂದ ಕಾದಿದ್ದೆ. ಚಿಕ್ಕವ್ವ ಆಸ್ಪತ್ರೆಗೆ ಹೋಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡು ಬೆಳಿಗ್ಗೆ ಕೋಟೆ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಆದರೂ ಕೂರಲಾಗಲಿಲ್ಲ. ಎದ್ದು ಕಂಬಿ ಹಿಡಿದು ನಿಂತೆ, ಮತ್ತೆ ಕೂತೆ. ಪಕ್ಕದ ಅಜ್ಜಿ, "ಯಾಕವ್ವ, ಇರುವೆ ಬಿಟ್ಕಂಡಿದ್ಯಾ?" ಅಂದಳು.

ಹುಣಸೂರಿನ ಮನೆಗಳು ಮುಗಿದು ಹೊಲಗಳು ಶುರುವಾದಾಗ ಚಿಕ್ಕವ್ವನಿಗೆ ಮೆಸೇಜು ಹಾಕಿದೆ, ಆಸ್ಪತ್ರೆಗೆ ಹೊರಟೆಯಾ ಎಂದು. ಉತ್ತರಕ್ಕೆ ಒಂದು ಫೋಟೊ ಬಂತು. ಚಿಕ್ಕಪ್ಪ ತೆಗೆದದ್ದಿರಬೇಕು, ಅವನ ಹೆಬ್ಬೆರಳೂ ಬಂದಿತ್ತು. ಬಲಗಣ್ಣು ಊದಿ ಮುಚ್ಚಿಕೊಂಡಿದೆ. ಹಣೆಯ ಮೇಲೆ ಕೆಂಪು, ಅದರ ಮೇಲೆ ಪುಟ್ಟ ಪುಟ್ಟ ನೀರುಗುಳ್ಳೆಗಳು, ಒಂದೆರಡು ಮೂಗಿನ ತುದಿಯಲ್ಲೂ.

ಹಕ್ಕಿಯ ಫೋಟೊ ಹಿಗ್ಗಿಸುವ ಹಾಗೆ ಎರಡು ಬೆರಳಿನಿಂದ ಹಿಗ್ಗಿಸಿದೆ. ಆಗ ಕಂಡದ್ದು ಗೆರೆ. ಹಣೆಯ ಆ ಕೆಂಪು ಸರಿಯಾಗಿ ನಡುಮಧ್ಯಕ್ಕೆ ಬಂದು ನಿಂತುಬಿಟ್ಟಿತ್ತು. ಬಲಗಡೆ ಪೂರಾ ಗುಳ್ಳೆ, ಎಡಗಡೆ ಒಂದೂ ಇಲ್ಲ. ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಮಡಿಕೆಯ ಗುರುತಿನ ಮೇಲೆ ಕತ್ತರಿ ಓಡಿಸಿದರೆ ಹೀಗೆ ಬರುತ್ತದೆ. ದಿನವೂ ಅದನ್ನೇ ಮಾಡುವವಳು ನಾನು. ಸಿಡಿದ ಅಕ್ಕಿ ಕಾಳಿಗೆ ಮುಖದ ನಡುಗೆರೆ ಹೇಗೆ ಗೊತ್ತಾಗುತ್ತದೆ?

"ನಿಲ್ಸಿ, ಇಳೀತೀನಿ" ಅಂದೆ. ಕಂಡಕ್ಟರು, "ಕೋಟೆಗಲ್ವೇನಮ್ಮ ಟಿಕೆಟ್ ತಗಂಡಿದ್ದು?" ಎಂದು ಬೈದುಕೊಂಡೇ ಸೀಟಿ ಊದಿದ. ರಸ್ತೆಯ ಬದಿಯಲ್ಲಿ ನಿಂತು ಎದುರು ದಿಕ್ಕಿನ ಬಸ್ಸಿಗೆ ಕೈ ಅಡ್ಡ ಹಾಕಿದೆ. ಹುಣಸೂರು, ಅಲ್ಲಿಂದ ಕೆ.ಆರ್. ನಗರ, ಅಲ್ಲಿಂದ ಆಟೊ. ದಾರಿಯುದ್ದಕ್ಕೂ ಆ ಫೋಟೊ ತೆಗೆದು ನೋಡುವುದು, ಮುಚ್ಚುವುದು.

ನಾನು ಹೋದಾಗ ಜಗಲಿಯ ಮೇಲೆ ದೊಡ್ಡ ಚರ್ಚೆ ನಡೆದಿತ್ತು. ಚಿಕ್ಕವ್ವ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು. ಚಿಕ್ಕಪ್ಪ ಟಾರ್ಚು ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ.

"ನೋಡು ಮಗ, ಒಳ್ಳೇ ಟೇಮ್ಗೆ ಬಂದೆ. ಕಾಳು ಒಳ್ಗೇ ಅದೆ, ತೆಗಿಸ್ಕ ಅಂದ್ರೆ ಕೇಳಾಕಿಲ್ಲ ಇವ್ಳು. ಕಣ್ಣೀರ್ಗೆ ನೆಂದು ಮೊಳ್ಕೆ ಒಡುದ್ರೆ ಏನ್ಮಾಡೀಯೆ?"

"ಅಕ್ಕಿ ಮೊಳ್ಕೆ ಒಡುದದಾ?" ಚಿಕ್ಕವ್ವ ಆ ಉರಿಯಲ್ಲೂ ಬಿಡಲಿಲ್ಲ. "ಒಡ್ಯೋದು ಭತ್ತ. ಇಷ್ಟ್ ವರ್ಸ ಗದ್ದೆ ಉತ್ತು ಇದ್ನೇ ಕಲ್ತಿದ್ದಾ?"

ಅಷ್ಟರಲ್ಲಿ ಎದುರು ಮನೆಯ ಪಾಟಿ ತೆಂಗಿನ ಚಿಪ್ಪಿನಲ್ಲಿ ಏನನ್ನೋ ಕಲಸಿಕೊಂಡು ಬಂದರು. ಸತ್ಯಮಂಗಲದ ಕಡೆಯವರು, ಮಗಳನ್ನು ಈ ಊರಿಗೆ ಕೊಟ್ಟು ತಾವೂ ಅವಳ ಜೊತೆಯಲ್ಲೇ ಉಳಿದುಕೊಂಡವರು. ಕನ್ನಡ ಮಾತಾಡುತ್ತಾರೆ, ಅವಸರವಾದರೆ ತಮಿಳು ನುಗ್ಗುತ್ತದೆ. ಚಿಪ್ಪಿನಲ್ಲಿ ಕೆಂಪು ಕಾವಿಮಣ್ಣು.

"ನಾನು ಅನ್ನೈಕ್ಕೇ ಸೊನ್ನೇನ್, ಅವತ್ತೇ ಹೇಳಿದೆ, ಇದು ಅಕ್ಕಿ ಅಂತ. ಹಣೆ ಮೇಲೆ ಕಾವೀಲಿ ಬರೀಬೇಕು ಇದಕ್ಕೆ, ಬಿಡಬಾರದು" ಅಂದರು ಪಾಟಿ.

"ನಾನೂ ಅದೇ ತಾನೇ ಯೋಳಿದ್ದು, ಅಕ್ಕಿ ಅಂತ!" ಅಂದಳು ಚಿಕ್ಕವ್ವ.

"ನಾನೇನು ಜ್ವಾಳ ಅಂದ್ನಾ?" ಅಂದ ಚಿಕ್ಕಪ್ಪ.

ಅಕ್ಕಿಗೆ ಬರೆಯುವುದು ಅಂದರೇನು? ಕಣ್ಣೊಳಗಿನ ಕಾಳಿಗೆ ಹಣೆಯ ಮೇಲೆ ಕಾವಿ ಯಾಕೆ? ಒಬ್ಬೊಬ್ಬರನ್ನೇ ನೋಡಿದೆ. ಮೂವರೂ ಒಂದೇ ಮಾತು ಆಡುತ್ತಿದ್ದಾರೆ, ಆದರೆ ಬೇರೆ ಬೇರೆ ಕಡೆ ನೋಡುತ್ತಿದ್ದಾರೆ. ಚಿಕ್ಕಪ್ಪ ಕಣ್ಣಿನೊಳಗೆ, ಪಾಟಿ ಹಣೆಯ ಮೇಲೆ. ನಾನು ಮನೆಯ ಹಳೆಯ ಪ್ರಶ್ನೆಯನ್ನೇ ಕೇಳಿದೆ.

"ಪಾಟಿ, ಯಾವ ಅಕ್ಕಿ? ತಿನ್ನೋ ಅಕ್ಕಿಯಾ?"

ಪಾಟಿ ಬೊಚ್ಚು ಬಾಯಿ ತೆರೆದು ನಕ್ಕರು. "ಐಯೋ ಕಣ್ಣೂ, ಅದು ಅರಿಸಿ! ತಿನ್ನೋದು ನಮಗೆ ಅರಿಸಿ. ನಾನು ನಿಮ್ಮ ಅಂಗಡೀಲಿ ಹೋಗಿ ಅಕ್ಕಿ ಕೊಡಿ ಅಂತೀನಿ, ಅದು ಬೇರೆ. ಇದು ಮೈಮೇಲೆ ಬರೋ ಅಕ್ಕಿ. ಹುಣ್ಣು. ನೆರುಪ್ಪು ಮಾದಿರಿ, ಬೆಂಕಿ ತರ ಉರೀತದೆ. ಒಂದು ಪಕ್ಕ ಬರತ್ತೆ, ಇನ್ನೊಂದು ಪಕ್ಕ ಹೋಗಲ್ಲ."

"ಸರ್ಪಸುತ್ತಾ?" ಅಂದೆ ನಾನು.

ಆ ಪದ ಕೇಳಿದ ಮೇಲೆ ಜಗಲಿಯಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಚಿಕ್ಕಪ್ಪ ಟಾರ್ಚು ಆರಿಸಿದ. ಹಾವು ಸುತ್ತಿದ ಹಾಗೆ ಸೊಂಟದ ಮೇಲೋ ಎದೆಯ ಮೇಲೋ ಬರುವ ಹುಣ್ಣು ಅದು, ಹೆಡೆ ಬಾಲ ಸೇರಿದರೆ ಆಯಿತು ಕಥೆ ಎಂದು ನಮ್ಮ ಕಡೆ ಹೆದರುತ್ತಾರೆ. ಮುಖದ ಮೇಲೂ ಬರುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಎಲ್ಲರಿಗೂ ಕಂಡದ್ದು ಅಕ್ಕಿಯ ಪೆಟ್ಟು, ಪೆಟ್ಟಿಗೆ ಬಂದ ಬಾವು. ತಲೆಯ ಒಂದು ಪಕ್ಕದ ಸಿಡಿತ ಅಕ್ಕಿ ಕೇರುವುದಕ್ಕೆ ಮುಂಚೆಯೇ ಶುರುವಾಗಿತ್ತು ಎನ್ನುವುದು ನನಗೆ ಆಗ ನೆನಪಾಯಿತು. ಕಾಳು ಕಣ್ಣಿಗೆ ಬಿದ್ದಿತ್ತೋ ಇಲ್ಲವೋ, ಯಾರಿಗೆ ಗೊತ್ತು.

ಚಿಕ್ಕವ್ವ ಮೆಲ್ಲಗೆ ಕೇಳಿದಳು. "ಮಗ, ಕಣ್ಣು ಓಯ್ತದಾ?"

ನಾನು ಎದ್ದೆ. ಅವಳ ಚೀಲಕ್ಕೆ ಒಂದು ಸೀರೆ ತುರುಕಿದೆ. ಪಾ‌ಟಿ ಚಿಪ್ಪಿನಲ್ಲಿ ಬೆರಳದ್ದಿ ಹಣೆಯ ಹತ್ತಿರ ಬಂದಾಗ ಕೈ ಹಿಡಿದುಕೊಂಡೆ. "ಪಾಟಿ, ಕಣ್ಣಿನ ಹತ್ತಿರ ಬೇಡ. ಮೊದಲು ಡಾಕ್ಟರು ನೋಡಲಿ." ಪಾಟಿಗೆ ಬೇಸರವಾಯಿತು. ಆದರೂ ಬೆರಳಿನ ಕಾವಿಯನ್ನು ತಮ್ಮ ಸೀರೆಗೇ ಒರೆಸಿಕೊಂಡು, "ಸರಿ, ಹೋಗು ಬೇಗ. ನಿಂತು ಮಾತಾಡಬೇಡ" ಎಂದು ನನ್ನನ್ನೇ ಗದರಿದರು.

ಕೆ.ಆರ್. ನಗರದಲ್ಲಿ ನಾವು ತೋರಿಸಿದ ಡಾಕ್ಟರು ಕರಾವಳಿಯ ಕಡೆಯವರು. ಚಿಕ್ಕ ವಯಸ್ಸಿನ ಹೆಂಗಸು. ಹೊರಗೆ ಜನ ತುಂಬಿದ್ದರು.

"ಎಂತ ಆಯ್ತು ಅಮ್ಮ?"

ಚಿಕ್ಕವ್ವನಿಗೆ ಅಭ್ಯಾಸ. "ಅಕ್ಕಿ ಡಾಕ್ಟ್ರೇ" ಅಂದಳು.

"ಅಕ್ಕಿಯಾ? ಕಣ್ಣಿಗೆ ಬಿದ್ದದ್ದಾ? ಕುಚ್ಚಲಕ್ಕಿಯೋ ಬೆಳ್ತಿಗೆ ಅಕ್ಕಿಯೋ ಮಾರಾಯ್ತಿ?" ಡಾಕ್ಟರು ಅವಳನ್ನು ನಗಿಸಲು ಹೇಳಿದ್ದು. ಚಿಕ್ಕವ್ವ ನಗಲಿಲ್ಲ, ನನ್ನ ಮುಖ ನೋಡಿದಳು. ನನ್ನ ಬಾಯಿಗೆ ಮೂರೂ ಅಕ್ಕಿಗಳು ಒಟ್ಟಿಗೆ ಬಂದವು. ಯಾವುದನ್ನು ಹೇಳಿದರೂ ಇನ್ನೊಂದು ಕೇಳಿಸುತ್ತದೆ ಎಂದು ಹೆದರಿಕೆಯಾಯಿತು. ಒಂದನ್ನೂ ಹೇಳದೆ ಚಿಕ್ಕವ್ವನ ಮುಖದ ಸೆರಗು ಸರಿಸಿದೆ. ಹಣೆಯ ನಡುವೆ ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಗೆರೆ ಎಳೆದು ತೋರಿಸಿದೆ.

ಡಾಕ್ಟರು ಕುರ್ಚಿಯಿಂದ ಎದ್ದರು. ಮೂಗಿನ ತುದಿಯ ಗುಳ್ಳೆಗಳನ್ನು ಬಗ್ಗಿ ನೋಡಿದರು. "ಚಿಕ್ಕಂದಿನಲ್ಲಿ ಮೈಮೇಲೆ ಅಮ್ಮ ಬಂದಿತ್ತಾ, ಚಿಕನ್ ಪಾಕ್ಸ್?" ಎಂದು ಕೇಳಿದರು. ಬಂದಿತ್ತು, ಎಡಗಣ್ಣಿಗೆ ಹೂ ಬಿದ್ದದ್ದೂ ಅದೇ ವರ್ಷ ಅಂತ ಅವಳ ಅವ್ವ ಹೇಳುತ್ತಿದ್ದಳಂತೆ. ಆ ವಿಷ ನರದಲ್ಲಿ ಇಷ್ಟು ವರ್ಷ ಮಲಗಿದ್ದು ಈಗ ಎದ್ದಿದೆ, ಮೂಗಿನ ತುದಿಗೆ ಬಂದರೆ ಕಣ್ಣಿನೊಳಗೂ ಇರುವ ಸಾಧ್ಯತೆ ಹೆಚ್ಚು, ಅದೇ ನರ ಎರಡಕ್ಕೂ ಹೋಗುತ್ತದೆ ಎಂದು ಬಿಡಿಸಿ ಹೇಳಿದರು. ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿದರು. "ಇನ್ನೂ ಬೇಗ ಬರಬೇಕಿತ್ತು. ಆದರೂ ತೀರಾ ತಡ ಅಂತ ಹೇಳುವುದಿಲ್ಲ ನಾನು. ಇವತ್ತೇ ಮೈಸೂರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ. ನಾಳೆ ಅಂತ ಮಾಡಬೇಡಿ."

ಮೈಸೂರಿನ ರೈಲಿನಲ್ಲಿ ಚಿಕ್ಕವ್ವ ಕಿಟಕಿಯ ಪಕ್ಕ ಕೂತಳು. ಚಿಕ್ಕಪ್ಪ ಎದುರಿಗೆ. ಬಲಗಣ್ಣಿನ ಮೇಲೆ ಬಿಳಿ ಬಟ್ಟೆ. ಹೂ ಬಿದ್ದ ಎಡಗಣ್ಣಿನಿಂದ ಅವಳು ಹೊರಗೆ ನೋಡುತ್ತಿದ್ದಳು, ಅಂದರೆ ಬೆಳಕನ್ನು ನೋಡುತ್ತಿದ್ದಳು. ನಾನು ಬಾಗಿಲವರೆಗೆ ಹೋಗುವುದು, ಬರುವುದು, ಮುಂದಿನ ಸ್ಟೇಷನ್ ಯಾವುದು ಎಂದು ಕಂಡವರನ್ನು ಕೇಳುವುದು.

"ಕುಂತ್ಕಳೆ ಅತ್ಲಾಗೆ. ನೀನು ಓಡಾಡುದ್ರೆ ರೈಲು ಜೋರಾಗಿ ಓಯ್ತದಾ?" ಅಂದಳು. ಕೂತೆ. ಸ್ವಲ್ಪ ಹೊತ್ತಿನ ಮೇಲೆ, "ಏನ್ ಕಾಣ್ತದೆ ಯೋಳು" ಅಂದಳು.

"ಗದ್ದೆ ಕೊಯ್ದಾಗಿದೆ. ಕೂಳೆ ಇದೆ. ನೀರು ಬಿಟ್ಟಿದ್ದಾರೆ. ಟ್ರ್ಯಾಕ್ಟರು ಉಳ್ತಾ ಇದೆ, ಅದರ ಹಿಂದೆ ಬೆಳ್ಳಗೆ ಸಾಲು."

"ಕೊಕ್ಕು ಯಾವ ಬಣ್ಣ?"

"ಹಳದಿ."

"ಅಂಗಾದ್ರೆ ದನಿನ ಬೆನ್ಮ್ಯಾಲೆ ಕೂರೋ ಬೆಳ್ಳಕ್ಕಿ. ಆಮ್ಯಾಕೆ?"

ಹೇಳುತ್ತಾ ಹೋದೆ. ತಂತಿಯ ಮೇಲೆ ನೀಲಿ ಹಕ್ಕಿ. ಬಾಲ ಕುಣಿಸುವ ಇನ್ನೊಂದು. ನಾನು ಬಣ್ಣ ಹೇಳಿದರೆ ಅವಳು ಹೆಸರು ಹೇಳುತ್ತಿದ್ದಳು. ಒಂದಕ್ಕೂ ತಪ್ಪಲಿಲ್ಲ. ಗದ್ದೆ ಮುಗಿದು ಮನೆಗಳು ಶುರುವಾದಾಗ ನನಗೆ ಹೇಳಲು ಏನೂ ಉಳಿಯಲಿಲ್ಲ. ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. ಕುಣಿಯುತ್ತಿದ್ದ ಕಾಲು ನಿಂತಿತು.

ಕಣ್ಣಿನ ಆಸ್ಪತ್ರೆಯಲ್ಲಿ ಬಣ್ಣದ ಹನಿ ಹಾಕಿ, ನೀಲಿ ದೀಪ ಬಿಟ್ಟು ನೋಡಿದರು. ಕಪ್ಪು ಗುಡ್ಡೆಯ ಮೇಲೆ ಸಣ್ಣ ಕಡ್ಡಿಗಳಂತೆ ಗೀರುಗಳಿವೆ ಅಂದರು. ಅಕ್ಕಿ ಕಾಳು ಇಲ್ಲ. ಚಿಕ್ಕಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಮಾತ್ರೆ ಬಿಡದೆ ನುಂಗಬೇಕು, ಹನಿ ಹಾಕಬೇಕು, ದೃಷ್ಟಿ ಎಷ್ಟು ಉಳಿಯುತ್ತದೆ ಎಂದು ಬಾವು ಇಳಿದ ಮೇಲೆ ನೋಡೋಣ ಅಂದರು. "ಉಳಿಯುತ್ತದೆ" ಅನ್ನಲಿಲ್ಲ, "ಎಷ್ಟು" ಅಂದರು. ಆ ಒಂದು ಪದವನ್ನು ನಾನು ಅಂಗಡಿಯಲ್ಲಿ, ಬಸ್ಸಿನಲ್ಲಿ, ಬಟ್ಟೆ ಅಳೆಯುವಾಗ ನೂರು ಸಲ ತಿರುಗಿಸಿ ನೋಡಿದೆ. ಆ ದಿನಗಳಲ್ಲಿ ಒಂದು ರವಿಕೆ ತುಂಡನ್ನೂ ನೆಟ್ಟಗೆ ಕತ್ತರಿಸಲಿಲ್ಲ. ಮಾಲೀಕರು ಕತ್ತರಿ ಕಿತ್ತುಕೊಂಡು ಫಾಲು ಸುತ್ತಲು ಕೂರಿಸಿದರು.

ಬಾತುಗಳನ್ನು ನೋಡಲು ಹೋಗಲಿಲ್ಲ. ಗುಂಪಿನಲ್ಲಿ ಫೋಟೊ ಬರುತ್ತಲೇ ಇದ್ದವು. ಚಿಕ್ಕವ್ವನಿಗೆ ಕಳಿಸೋಣ ಅನ್ನಿಸುತ್ತಿತ್ತು, ಕಳಿಸಿ ಏನು ಮಾಡುವುದು ಅನ್ನಿಸುತ್ತಿತ್ತು.

ಹಣೆಯ ಗುಳ್ಳೆಗಳು ಒಣಗಿ ಹಕ್ಕಳೆ ಉದುರಿದ ಮೇಲೆ ಮತ್ತೆ ಮೈಸೂರಿಗೆ ಹೋದೆವು. ರೆಪ್ಪೆ ತೆರೆಯುತ್ತಿತ್ತು. ಕಣ್ಣು ಕೆಂಪಗೇ ಇತ್ತು. ಕಾಣುತ್ತದಾ ಎಂದು ಕೇಳಿದರೆ ಅವಳು, "ಮಂಜು ಮಂಜು, ಮಾಗಿ ಬೆಳ್ಗಾದಂಗೆ" ಅಂದಳು. ಒಂದು ಕತ್ತಲೆ ಕೋಣೆಯಲ್ಲಿ ಕೂರಿಸಿ, ಎಡಗಣ್ಣು ಮುಚ್ಚಿಸಿ, ದೂರದ ಗೋಡೆಯ ಮೇಲೆ ದೀಪ ಹಾಕಿದರು. ಕನ್ನಡ ಅಕ್ಷರಗಳು. ಮೇಲಿನವು ಅಂಗೈ ಅಗಲ, ಕೆಳಗೆ ಬರುತ್ತಾ ಸಣ್ಣ. ಪರೀಕ್ಷೆ ಮಾಡುವ ಹುಡುಗಿ ಕೋಲಿನಿಂದ ಒಂದೊಂದೇ ತೋರಿಸಿದಳು.

"ರ" ಅಂದಳು ಚಿಕ್ಕವ್ವ. ಸರಿ. "ಟ." ಸರಿ. ಕೋಲು ಕೆಳಗಿನ ಸಾಲಿಗೆ ಇಳಿಯಿತು.

"ಅ."

ಹುಡುಗಿ ಕೋಲು ಅಲ್ಲೇ ಹಿಡಿದಳು. "ಸರಿಯಾಗಿ ನೋಡಿ ಹೇಳಿ ಅಮ್ಮ."

"ನೋಡೇ ಯೋಳ್ದೆ. ಅ."

ಗೋಡೆಯ ಮೇಲೆ ಇದ್ದದ್ದು ಹ. ಹುಡುಗಿ ಪೆನ್ನು ತೆಗೆದು ಏನೋ ಗುರುತು ಹಾಕಲು ಹೊರಟಳು. ಚಿಕ್ಕಪ್ಪನ ಮುಖ ಇಳಿದುಹೋಯಿತು. ನನಗೂ ಅದೇ ಅನ್ನಿಸಿತು. ಎರಡನೇ ಸಾಲಿಗೇ ಕಾಣುತ್ತಿಲ್ಲ, ಊಹೆ ಮೇಲೆ ಹೇಳುತ್ತಿದ್ದಾಳೆ ಎಂದು. ಆಮೇಲೆ ಸ್ಲೇಟು ನೆನಪಾಯಿತು. ಬಾಯಿ ನೋಡಬೇಡ, ಸ್ಲೇಟು ನೋಡು.

"ಒಂದು ನಿಮಿಷ ಮೇಡಂ" ಎಂದು ಎದ್ದು ನಿಂತೆ. "ಚಿಕ್ಕವ್ವ, ಯಾವ ಅ? ತಿನ್ನೋ ಅಕ್ಕಿ ಅ ನಾ, ಆರೋ ಅಕ್ಕಿ ಅ ನಾ?"

"ಆರೋದು ಕಣವ್ವ" ಅಂದಳು, ಇದೂ ಒಂದು ಕೇಳುವ ಮಾತೇ ಅನ್ನುವ ಹಾಗೆ. "ತಿನ್ನೋ ಅಕ್ಕಿದು ಬ್ಯಾರೆ ತರ ಸುತ್ಕಂಡು ಕುಂತಿರ್ತದೆ. ನಂಗೊತ್ತಿಲ್ವಾ?"

ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಗೋಡೆಯನ್ನು ನೋಡಿದಳು. ನಾನು ನಮ್ಮ ಕಡೆಯ ಬಾಯಿಯ ಕಥೆ ಹೇಳಲು ಶುರು ಮಾಡಿದೆ, ಪಕ್ಕಿಯಿಂದ ಶುರು ಮಾಡಿದೆ ಅನ್ನಿಸುತ್ತದೆ, ಯಾಕೆಂದರೆ ಅವಳು ಕೈ ಅಡ್ಡ ಹಿಡಿದು, "ಗೊತ್ತಾಯ್ತು, ಗೊತ್ತಾಯ್ತು, ನಮ್ಮಜ್ಜಿನೂ ಅಂಗೇ" ಅಂದಳು. ಕೋಲು ಇನ್ನೂ ಒಂದು ಸಾಲು ಕೆಳಗಿಳಿಯಿತು. ಚಿಕ್ಕವ್ವ ಕತ್ತು ಮುಂದೆ ಚಾಚಿದಳು. ಗದ್ದೆಯ ಆಚೆ ಬದುವಿನಲ್ಲಿ ಏನೋ ಅಲ್ಲಾಡಿದಾಗ ನೋಡುತ್ತಿದ್ದಳಲ್ಲ, ಹಾಗೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಕಾಣಿಸ್ತಾ ಅಮ್ಮ?"

"ತಡಿಯವ್ವ, ಅರ್ಜೆಂಟ್ ಮಾಡ್ಬ್ಯಾಡ. ಅಲ್ಲೂ ಒಂದು ಅಕ್ಕಿ ಕುಂತದೆ. ಯಾವ್ದು ಅಂತ ಇನ್ನೂ ಗೊತ್ತಾಯ್ತಿಲ್ಲ."